ಒಂದು ‘ಅಂತೆ’ ನುಂಗಿದ ನಾಲಿಗೆ

ನಿಕಾಸಿಯಾಗೆ ನಮ್ಮ ಪಟ್ಟಣದಲ್ಲಿ ‘ಅಂತೆ ಅಜ್ಜಿ’ ಎಂದೇ ಹೆಸರು. ನೆತ್ತಿಯ ಮೇಲೆ ಆಲಿಕಲ್ಲು ಬಡಿಯುತ್ತಿದ್ದರೂ “ಆಲಿಕಲ್ಲು ಬೀಳ್ತಿದೆಯಂತೆ” ಎನ್ನುವ ಹೆಂಗಸು ಅವಳು. ಮಾರುಕಟ್ಟೆಯ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ?

“ಊಟ ಆಯ್ತಾ ಅಜ್ಜಿ?”

“ಆಯ್ತಂತೆ ಕಣೇ.”

“ಯಾರು ಹೇಳಿದ್ರು, ಹೊಟ್ಟೆನಾ?”

ಅವರು ಬಿದ್ದು ಬಿದ್ದು ನಗುವರು, ಅವಳೂ ನಗುವಳು. ಆ ಒಂದು ಮಾತನ್ನು ಅವಳು ಮೂವತ್ತೊಂದು ವರ್ಷದಿಂದ ತಪ್ಪುಕಾಣಿಕೆ ಹಾಕಿದ ಹಾಗೆ ಹಾಕುತ್ತಿದ್ದಳೆಂದು ನಗುವವರಿಗೇನು ಗೊತ್ತಿತ್ತು!

ಅಯಾಕುಚೊ ಬೆಟ್ಟಸೀಮೆಯ ನಮ್ಮ ಮನೆಮಾತು ಕೆಚುವಾ. ಅದರಲ್ಲಿ ಕಣ್ಣಾರೆ ಕಂಡದ್ದಕ್ಕೊಂದು ಬಾಲ, ಕಾಣದ್ದಕ್ಕೆ ಇನ್ನೊಂದು ಬಾಲ. ಕಂಡಿದ್ದರೆ ‘ಬಂದ’, ಕಾಣದಿದ್ದರೆ ‘ಬಂದನಂತೆ’. ನಿದ್ದೆಯಲ್ಲೋ ಕುಡಿದ ಅಮಲಿನಲ್ಲೋ ತಾನೇ ಮಾಡಿದ್ದನ್ನು ಹೇಳುವಾಗಲೂ ಅಷ್ಟೇ: ‘ಗೊರಕೆ ಹೊಡೆದೆನಂತೆ’, ‘ಕುಣಿದೆನಂತೆ’. ಸ್ಪ್ಯಾನಿಷಿಗೆ ಆ ಬಾಲ ಇಲ್ಲ. ಬೆಟ್ಟದಿಂದ ಇಳಿದು ಶಾಲೆಗೆ ಬಂದ ಮಕ್ಕಳು ಸ್ಪ್ಯಾನಿಷ್ ವಾಕ್ಯದ ಕೊನೆಗೂ ಹೇಗೋ ಒಂದು ‘ಅಂತೆ’ ಅಂಟಿಸಿ ಮಾತಾಡುತ್ತಿದ್ದರು. ನಿಕಾಸಿಯಾ ಹಾಗೆ ಆಡಿದಾಗಲೆಲ್ಲ ಟೀಚರಮ್ಮ ಮರದ ಪಟ್ಟಿಯಿಂದ ಬೆರಳ ಗೆಣ್ಣಿಗೆ ಬಾರಿಸಿ, “ಕುರಿ ಕಾಯೋರ ಮಾತು ಇಲ್ಲಿ ಆಡಬೇಡ” ಎನ್ನುತ್ತಿದ್ದಳು. ಹುಡುಗಿ ಚುರುಕು, ಬೇಗ ಕಲಿತಳು. ಪೇಟೆಯವರೂ ಮೂಗಿನ ಮೇಲೆ ಬೆರಳಿಡುವಷ್ಟು ಚೊಕ್ಕ ಸ್ಪ್ಯಾನಿಷ್ ಅವಳದಾಯಿತು. ಇಪ್ಪತ್ತಮೂರಕ್ಕೆ ಕೋರ್ಟಿನಲ್ಲಿ ದುಭಾಷಿಯ ಕೆಲಸವೂ ಸಿಕ್ಕಿತು.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಲಿಲ್ಲ, ಮೆಲ್ಚೋರ್ ಎಂಬ ಬೆಟ್ಟದ ರೈತನನ್ನು ಕರೆತಂದರು. ಹೊಸ ಮನೆಗೆ ಹುಲ್ಲು ಹೊದಿಸುವ ಕೂಟ, ಊರಿಗೆ ಊರೇ ಕುಡಿದಿತ್ತು. ಬೆಳಿಗ್ಗೆ ಎದ್ದರೆ ಮೆಲ್ಚೋರನ ಪಕ್ಕದಲ್ಲಿ ಗೆಳೆಯ ಹಸಿಂತೊ ತಲೆಯೊಡೆದು ಸತ್ತು ಬಿದ್ದಿದ್ದ. ಹೊಡೆದವನು ನೀನೇ ಎಂದರು ಸುತ್ತಲಿನವರು. ಅವನಿಗೋ ಸಂಜೆಯ ಮೂರನೇ ಬಟ್ಟಲಿನ ಆಚೆಗೆ ಏನೂ ನೆನಪಿಲ್ಲ.

ಕಟಕಟೆಯಲ್ಲಿ ಟೋಪಿಯನ್ನು ಎದೆಗೊತ್ತಿಕೊಂಡು ನಿಂತ. ಗಂಟಲು ಸರಿಮಾಡಿಕೊಂಡ.

“ನಾನೇ ಹೊಡೆದೆನಂತೆ, ಸ್ವಾಮಿ.”

ನಿಕಾಸಿಯಾಗೆ ಅರ್ಥವಾಗದೆ ಇರಲಿಲ್ಲ. ಚೆನ್ನಾಗಿಯೇ ಆಯಿತು. “ನಾನೇ ಹೊಡೆದೆ” ಎಂದು ಸ್ಪ್ಯಾನಿಷಿನಲ್ಲಿ ಹೇಳಿದಳು. ‘ಅಂತೆ’ ನಾಲಿಗೆಯ ತುದಿಗೆ ಬಂದು ನಿಂತಿತು. ಎದುರಿಗೆ ಟೈಪಿಸ್ಟು, ಪೇಟೆಯ ಚೆಲುವ, ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದ. ಆ ‘ಅಂತೆ’ ಆಡಿಬಿಟ್ಟರೆ ಅವನ ತುಟಿ ಕೊಂಕುತ್ತದೆ, ಇವಳೂ ಕುರಿ ಕಾಯುವವಳೇ ಎಂದು ಗೊತ್ತಾಗಿಬಿಡುತ್ತದೆ. ಗೆಣ್ಣುಗಳು ಚುರುಚುರು ಎಂದವು. ನುಂಗಿಕೊಂಡಳು.

“ಒಪ್ಪಿಕೊಂಡ. ಬರ್ಕೊಳ್ಳಿ” ಎಂದರು ನ್ಯಾಯಾಧೀಶರು.

ಇಷ್ಟೇ ಆದದ್ದು. ಒಂದು ಉಸಿರಿನಷ್ಟು ಹೊತ್ತು. ಸ್ಪ್ಯಾನಿಷ್ ಬಾರದ ಮೆಲ್ಚೋರ್ ಅವಳ ಕಡೆಗೆ ತಿರುಗಿ, “ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ, ನನ್ನ ಮಾತು ಮುಟ್ಟಿಸ್ದೆ” ಎಂದ. ನಾಳೆ ಸರಿಪಡಿಸಿದರಾಯಿತು ಎಂದುಕೊಂಡಳು ಮಹಾತಾಯಿ. ಆ ನಾಳೆ ಬರುವಷ್ಟರಲ್ಲಿ ಹದಿನೈದು ವರ್ಷದ ಶಿಕ್ಷೆಯಾಗಿತ್ತು. ಆರನೆಯ ವರ್ಷ ಅವನು ಜೈಲಿನಲ್ಲಿ ರಕ್ತ ಕಾರಿ ಸತ್ತ.

ಸುದ್ದಿ ಬಂದ ಮರುದಿನ ಬೆಳಿಗ್ಗೆ ಒಲೆಯ ಮೇಲೆ ಬಾರ್ಲಿ ನೀರಿಟ್ಟಿದ್ದಳು. ಬಾಗಿಲ ಬಳಿ ಯಾರೋ ಗಂಟಲು ಸರಿಮಾಡಿಕೊಂಡರು. ಹೋಗಿ ನೋಡಿದರೆ ಯಾರೂ ಇಲ್ಲ. ಅಂದಿನಿಂದ ದಿನವೂ ಅದೇ ಹೊತ್ತಿಗೆ ಅದೇ ಸದ್ದು, ಮಾತಾಡಲು ಹೊರಟವನ ಸದ್ದು, ಆಮೇಲೆ ಮಾತಿಲ್ಲ. ಕೋರ್ಟಿನ ಕೆಲಸ ಬಿಟ್ಟಳು, ಮನೆ ಬದಲಾಯಿಸಿದಳು. ಹೊಸ ಮನೆಗೂ ಬಂದ. ಆಗಲೇ ಅವಳ ಬಾಯಿಗೆ ‘ಅಂತೆ’ ಹತ್ತಿಕೊಂಡದ್ದು. ನುಂಗಿದ್ದನ್ನು ಒಂದೊಂದಾಗಿ ಕಕ್ಕಿದರೆ ಹೋಗುತ್ತಾನೇನೋ ಎಂಬ ಆಸೆ. ಹೋಗಲಿಲ್ಲ. ಹೋಗುತ್ತಾನೆಯೇ? ಹೇಳಬೇಕಾದವರಿಗೆ ಹೇಳದೆ ಮಿಕ್ಕ ಊರಿಗೆಲ್ಲ ಹೇಳಿದರೆ ಏನು ಬಂತು?

ಹೇಳಬೇಕಾದವಳು ದೂರವೇನೂ ಇರಲಿಲ್ಲ. ಮೆಲ್ಚೋರನ ಮಗಳು ಬ್ರಿಹಿದಾ ಮಾರುಕಟ್ಟೆಯ ಬಾಗಿಲಲ್ಲಿ ಬಿಸಿ ಬ್ರೆಡ್ ಮಾರುತ್ತಿದ್ದಳು. ಅಪ್ಪ ಜೈಲಿಗೆ ಹೋದಾಗ ನಾಲ್ಕು ವರ್ಷದವಳು, ಈಗ ನಲವತ್ತು ದಾಟಿದವಳು. ಬಿದಿರುಬುಟ್ಟಿಗೆ ಬಿಳಿ ಬಟ್ಟೆ ಹೊದಿಸಿ ಕೂರುತ್ತಿದ್ದಳು. ನಿಕಾಸಿಯಾ ದಿನವೂ ಅವಳ ಹತ್ತಿರವೇ ಎರಡು ಬ್ರೆಡ್ ಕೊಳ್ಳುತ್ತಿದ್ದಳು, ದಿನವೂ ಬಾಯಿ ತೆರೆಯುತ್ತಿದ್ದಳು, ದಿನವೂ “ಚಳಿ ಜಾಸ್ತಿಯಂತೆ” ಎಂದು ಹೇಳಿ ಬರುತ್ತಿದ್ದಳು. ಹೇಡಿ, ಹೇಡಿ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಕಳೆದ ವರ್ಷ ಪ್ರೊಫೆಸರ್ ದೋನ್ ಎವಾರಿಸ್ತೊ ಅವಳನ್ನು ಹುಡುಕಿಕೊಂಡು ಬಂದರು. ಸ್ಪ್ಯಾನಿಷ್ ಆಡುವ ನಾಡುಗಳಲ್ಲಿ ಅನುವಾದದ ಬಗ್ಗೆ ಯಾರು ಯಾವಾಗ ಏನು ಯೋಚಿಸಿದರು ಎಂಬುದರ ಚರಿತ್ರೆ ಬರೆಯುತ್ತಿದ್ದರಂತೆ. ಹಳೆಯ ದುಭಾಷಿಗಳಲ್ಲಿ ಉಳಿದವಳು ಇವಳೊಬ್ಬಳೇ. ಮನುಷ್ಯ ಒಳ್ಳೆಯವರು, ಮಾತು ಮಾತ್ರ ಸ್ವಲ್ಪ ಜಾಸ್ತಿ. ಪದಕ್ಕೆ ಪದವೋ, ಭಾವಕ್ಕೆ ಭಾವವೋ ಎಂದು ಪಾದ್ರಿಗಳು ಜುಟ್ಟು ಹಿಡಿದು ಜಗಳಾಡಿದ್ದು, ದೇವರೆಂಬುದಕ್ಕೆ ಕೆಚುವಾ ಪದ ಸಾಲದೆಂದು ಸ್ಪ್ಯಾನಿಷ್ ಪದವನ್ನೇ ಉಳಿಸಿದ್ದು, ಎಲ್ಲ ಹೇಳಿದರು.

“ಆಗ ದುಭಾಷಿಗೆ ಏನು ಹೆಸರಿತ್ತು ಗೊತ್ತಾ ಅಮ್ಮ? ‘ನಾಲಿಗೆ’ ಅಂತಿದ್ರು. ನಾಲಿಗೆ ಆಣೆ ಮಾಡಬೇಕಿತ್ತು, ಏನನ್ನೂ ಮುಚ್ಚಿಡದೆ, ಏನನ್ನೂ ಸೇರಿಸದೆ ಹೇಳ್ತೀನಿ ಅಂತ. ನಾನೂರು ವರ್ಷದ ಹಿಂದಿನ ಕಾನೂನು!”

ನಿಕಾಸಿಯಾ ಲೋಟ ಕೆಳಗಿಟ್ಟಳು.

“ಸ್ಪ್ಯಾನಿಷಿಗೆ ದಾಟಿಸೋಕೇ ಆಗದ್ದು ಅಂತ ಏನಾದ್ರೂ ಇತ್ತಾ?”

“‘ಅಂತೆ’ ಇತ್ತು” ಎಂದಳು. “ಒಬ್ಬ ‘ನಾನೇ ಹೊಡೆದೆನಂತೆ’ ಅಂದನಂತೆ. ದುಭಾಷಿ ‘ಹೊಡೆದೆ’ ಅಂದಳಂತೆ.”

“ಅಬ್ಬಾ, ಎಂಥ ಉದಾಹರಣೆ!” ಪ್ರೊಫೆಸರ್ ಗರಗರ ಬರೆದುಕೊಂಡರು. “ಪುಸ್ತಕದಲ್ಲಿ ಒಂದು ಅಡಿಟಿಪ್ಪಣಿ ಹಾಕ್ತೀನಿ ನೋಡಿ. ಆಮೇಲೆ ಅವನು ಏನಾದ?”

“ಸತ್ತನಂತೆ.”

ಪೆನ್ನು ನಿಂತಿತು. “ಆ ದುಭಾಷಿ ಯಾರಮ್ಮ?” ಎಂದು ಮೆಲ್ಲಗೆ ಕೇಳಿದರು. ಅವರು ಹೋದ ಮೇಲೂ ಅವಳು ಕೂತಲ್ಲೇ ಕೂತಿದ್ದಳು. ಅಪ್ಪನ ಮಾತು ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುತ್ತದೆ, ಯಾರ‍್ಯಾರೋ ಓದುತ್ತಾರೆ, ಮಗಳಿಗೆ ಮಾತ್ರ ಗೊತ್ತಿಲ್ಲ. ಇದಕ್ಕಿಂತ ಅನ್ಯಾಯ ಉಂಟೇ?

ಮರುದಿನ ಬೆಳಿಗ್ಗೆ ಗಂಟಲಿನ ಸದ್ದು ಕೇಳಿದೊಡನೆ, “ಇರಪ್ಪ, ಹೊರಟೆ” ಎಂದು ಶಾಲು ಹೊದ್ದು ನಡೆದಳು.

“ಏನು ಅಜ್ಜಿ, ಇವತ್ತೂ ಚಳಿಯಂತಾ?” ಬ್ರಿಹಿದಾ ನಗುತ್ತ ಎರಡು ಬ್ರೆಡ್ ತೆಗೆದು ಚೀಲಕ್ಕೆ ಹಾಕಿದಳು.

“ನಿಮ್ಮಪ್ಪ ಕೋರ್ಟಲ್ಲಿ ‘ಹೊಡೆದೆ’ ಅನ್ನಲಿಲ್ಲ. ‘ಹೊಡೆದೆನಂತೆ’ ಅಂದ. ನಾನು ಕಿವಿಯಾರೆ ಕೇಳಿದೆ. ದುಭಾಷಿ ನಾನೇ. ‘ಅಂತೆ’ ನುಂಗಿದೋಳು ನಾನೇ.”

ಸುತ್ತಲಿನ ಹೆಂಗಸರು ತಲೆಯೆತ್ತಿದರು. ಅವಳ ಬಾಯಲ್ಲಿ ಬಾಲವಿಲ್ಲದ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

“ಹಾಗಾದ್ರೆ ಅವನು ಹೊಡೀಲಿಲ್ವಾ?” ಬ್ರಿಹಿದಾಳ ದನಿ ಎಳೆ ಮಗುವಿನದಾಗಿತ್ತು.

“ಗೊತ್ತಿಲ್ಲ ಮಗಳೇ. ಅವನಿಗೂ ಗೊತ್ತಿರಲಿಲ್ಲ. ಅವನು ಹೇಳಿದ್ದೇ ಅದು.”

“ಬಾಯಾರೆ ಒಪ್ಕೊಂಡ ಅಂತ ನಮ್ಮವ್ವ ಅವನನ್ನ ನೋಡೋಕೆ ಒಂದಿನಾನೂ ಹೋಗ್ಲಿಲ್ಲ. ನನ್ನನ್ನೂ ಕರ‍್ಕೊಂಡು ಹೋಗ್ಲಿಲ್ಲ. ಕೊಲೆಗಾರನ ಮಗಳು ಅಂತ ಗೊತ್ತಾಗಿದ್ದೇ ನನ್ನ ಮದುವೆ ಮುರೀತು. ಅವನ ಮುಖ ಹೆಂಗಿತ್ತು ಅಂತಾನೂ ನಂಗೆ ನೆನಪಿಲ್ಲ ಅಜ್ಜಿ.” ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. “ದಿನಾ ಬಂದು ನನ್ನ ಕೈಯಿಂದ ಬ್ರೆಡ್ ತಗೊಂಡು ಹೋಗ್ತಿದ್ಯಲ್ಲ!”

ಅವಳು ನಿಕಾಸಿಯಾಳ ಚೀಲಕ್ಕೆ ಕೈಹಾಕಿ, ಎರಡೂ ಬ್ರೆಡ್ಡನ್ನು ಒಂದೊಂದಾಗಿ ತೆಗೆದು ಮತ್ತೆ ಬುಟ್ಟಿಗೆ ಹಾಕಿಕೊಂಡಳು.

ಅದರ ಮಾರನೆಯ ಬೆಳಿಗ್ಗೆ ಬಾರ್ಲಿ ನೀರು ಕುದಿದು ಉಕ್ಕಿತು. ಬಾಗಿಲ ಬಳಿ ಯಾವ ಸದ್ದೂ ಇಲ್ಲ. ನಿಕಾಸಿಯಾ ಕಿವಿಗೊಟ್ಟು ಕಾದಳು. ಮೂವತ್ತೊಂದು ವರ್ಷ ಬಿಡದೆ ಬಂದವನು ಬರಲಿಲ್ಲ. ಮನೆ ಇಷ್ಟು ಖಾಲಿಯೆಂದು ಅವಳಿಗೆ ಅಂದೇ ತಿಳಿದದ್ದು. ಕೂರಲಾಗದೆ ಮಾರುಕಟ್ಟೆಗೆ ಹೋದಳು.

ಬ್ರಿಹಿದಾಳ ಬುಟ್ಟಿ ತುಂಬಿತ್ತು. ಬಿಳಿ ಬಟ್ಟೆಯ ಸಂದಿಯಿಂದ ಹಬೆ ಏಳುತ್ತಿತ್ತು.

“ಎರಡು ಬ್ರೆಡ್ ಕೊಡವ್ವ.”

ಬ್ರಿಹಿದಾ ಅವಳನ್ನೇ ದಿಟ್ಟಿಸಿ ನೋಡಿದಳು.

“ಮುಗಿದಿದೆಯಂತೆ” ಎಂದಳು.

ನಿಕಾಸಿಯಾ ಖಾಲಿ ಚೀಲ ಮಡಚಿಕೊಂಡು ಮನೆಯ ಕಡೆ ನಡೆದಳು.