ಅತ್ತೆಯ ಪದಕ್ಕೊಂದು ಸದ್ದಿಲ್ಲದ ಪೆಟ್ಟಿಗೆ

ಸೋಮವಾರ ಅತ್ತೆಯ ಗಂಟಲಿನ ಆಪರೇಷನ್ ಇತ್ತು. ಥೈರಾಯ್ಡ್ ಗಡ್ಡೆ. ರಾಯಚೂರಿನ ಡಾಕ್ಟರು ಬಹಳ ಸಮಾಧಾನದಿಂದ, "ದನಿಯ ನರ ಪಕ್ಕದಾಗೇ ಇರ್ತದ. ಆಮ್ಯಾಲೆ ದನಿ ಬದಲಾದರೂ ಆಗಬಹುದು" ಎಂದಿದ್ದರು. ಮಸ್ಕಿಯಲ್ಲಿರುವ ಈ ಅತ್ತೆ ನನ್ನ ತಂದೆಯ ತಂಗಿ. "ಆಗ್ಲಿ ಬಿಡ್ರಿ, ಈ ವಯಸ್ಸಿನಾಗ ಯಾರನ್ನ ಕೂಗಿ ಕರೀಬೇಕಾಗೇದ" ಎಂದು ನಕ್ಕುಬಿಟ್ಟಳು. ಬೆವರಿದವನು ನಾನು. ಬಸ್ಸು ಸ್ವಲ್ಪ ತಡವಾದರೆ ಹಳ್ಳಕ್ಕೆ ಬಿದ್ದಿದೆಯೆಂದೇ ನಂಬುವವನಿಗೆ ‘ಆದರೂ ಆಗಬಹುದು’ ಎಂದರೆ ಆಗಿಯೇ ಹೋಯಿತು ಎಂದರ್ಥ.

ಅತ್ತೆ ಬೀಸುವ ಪದ ಹಾಡುತ್ತಾಳೆ. ಹಿಟ್ಟಿನ ಗಿರಣಿ ಬಂದ ಮೇಲೆ ಹೆಚ್ಚಿನವರು ಬಿಟ್ಟರೂ ಅವಳು ಬಿಡಲಿಲ್ಲ. ಆಪರೇಷನ್ನಿಗೆ ಮುಂಚೆ ಅವನ್ನು ರೆಕಾರ್ಡ್ ಮಾಡಲೇಬೇಕೆಂದು ನಿರ್ಧರಿಸಿದೆ.

"ಫೋನಿನ್ಯಾಗ ಹಿಡೀರಿ, ಮುಗೀತು" ಎಂದಳು ಹೆಂಡತಿ.

ಫೋನಿನಲ್ಲಿ ಹಿಡಿದು ನೋಡಿದ್ದೆ. ಅದು ಬೀಸುಕಲ್ಲಿನ ಸದ್ದನ್ನು ಗದ್ದಲವೆಂದು ತಿಳಿದು ನುಂಗುತ್ತದೆ, ನುಂಗುವಾಗ ಅತ್ತೆಯ ದನಿಯ ಬಾಲವನ್ನೂ ಕಚ್ಚುತ್ತದೆ. ನನ್ನ ಬಳಿ ಒಂದು ಮೈಕು, ಅದರ ಸಣ್ಣ ಸದ್ದನ್ನು ಲ್ಯಾಪ್‌ಟಾಪಿಗೆ ಕೇಳುವಷ್ಟು ದೊಡ್ಡದು ಮಾಡುವ ಒಂದು ಅಗ್ಗದ ಪ್ರಿಆಂಪ್ ಇದ್ದವು. ಪ್ರಿಆಂಪು ಮೈಕಿನ ಸದ್ದಿಗಿಂತ ತನ್ನ ಸದ್ದನ್ನೇ ಹೆಚ್ಚು ದೊಡ್ಡದು ಮಾಡುತ್ತಿತ್ತು. ಮೇಲೆ ಕುಕ್ಕರ್ ಸೋರಿದಂತೆ ಸುಯ್, ಕೆಳಗೆ ಜೇನುಗೂಡಿನಂತೆ ಗುಂಯ್.

ನಾನು ಲಿಂಗಸುಗೂರಿನಲ್ಲಿ ಮೇಷ್ಟರು, ಮನೆ ಸಿಂಧನೂರು. ಶನಿವಾರ ಶಾಲೆ ಬಿಟ್ಟವನೇ ಲಿಂಗಸುಗೂರಿನದೇ ಟೀವಿ ರಿಪೇರಿ ಅಂಗಡಿಯಲ್ಲಿ, ಪ್ರಿಆಂಪಿಗೆ ಹಾಕಲು ಕಡಿಮೆ ಸದ್ದಿನ ಒಂದು ಚಿಪ್ಪು, ಕೆಲವು ಕೆಪಾಸಿಟರು ಕೊಂಡೆ. ಬಸ್ಸಿನಲ್ಲಿ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡದ್ದಕ್ಕೆ ಪಕ್ಕದವರು ತಮ್ಮ ಜೇಬನ್ನೂ ಹಿಡಿದುಕೊಂಡು ಕೂತರು.

ಹಳೆಯ ಚಿಪ್ಪನ್ನು ಬಿಡಿಸುವಾಗ ಬೋರ್ಡಿನ ತಾಮ್ರದ ಗೆರೆಯೊಂದು ಎದ್ದುಬಂತು. ಅದನ್ನು ತಂತಿಯಿಂದ ಸೇರಿಸಿದೆ. ಎಲ್ಲ ಕೂಡಿಸಿ ಕರೆಂಟು ಕೊಟ್ಟೆ. ಟಪ್ ಎಂದು ಸಿಡಿದು ಹೊಗೆ ಬಂತು. ಒಂದು ಕೆಪಾಸಿಟರನ್ನು ತಿರುಗಾಮುರುಗಾ ಕೂರಿಸಿದ್ದೆ.

"ಏನ್ರೀ ಅದು?" ಒಳಗಿಂದ ಹೆಂಡತಿ.

"ಏನಿಲ್ಲ, ಪರೀಕ್ಷೆ ಮಾಡಾಕತ್ತೀನಿ."

"ವಾಸನಿ ಬರಾಕತ್ತೇದಲ್ರೀ. ಪಾಸಾತೋ, ಫೇಲಾತೋ?"

ಭಾನುವಾರ ಅಂಗಡಿ ತೆರೆಯುವುದಿಲ್ಲ. ಅಟ್ಟದ ಮೇಲಿದ್ದ ಕೆಟ್ಟ ಟೀವಿಯನ್ನು ಇಳಿಸಿ ಬಿಚ್ಚಿ, ಅದರೊಳಗಿಂದ ಅದೇ ಅಳತೆಯದೊಂದನ್ನು ಕಿತ್ತು ಹಾಕಿದೆ. ಈ ಸಲ ಪ್ಲಸ್ಸು-ಮೈನಸ್ಸಿನ ಗುರುತನ್ನು ಹೆಂಡತಿಗೂ ತೋರಿಸಿ ಖಾತ್ರಿ ಮಾಡಿಕೊಂಡೆ. ಹೆಡ್‌ಫೋನಿನಲ್ಲಿ ಸುಯ್ ಹೋಗಿತ್ತು, ಗುಂಯ್ ಉಳಿದಿತ್ತು. ಅದು ಕರೆಂಟು ಕೊಡುವ ಅಡಾಪ್ಟರಿನದು. ಮತ್ತೇನು ಮಾಡುವುದು? ನನ್ನ ಬೈಕಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದೆ. ಎಷ್ಟು ನಿಶ್ಶಬ್ದವೆಂದರೆ ಪ್ರಿಆಂಪಿನ ಪೆಟ್ಟಿಗೆ ಸತ್ತಿತೆಂದೇ ಭಾವಿಸಿ ಗಾಬರಿಯಾದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹೆಂಡತಿ ಲೋಟ ಇಟ್ಟದ್ದು ಕಿವಿಯೊಳಗೇ ಇಟ್ಟಂತೆ ಕೇಳಿಸಿತು.

ಭಾನುವಾರ ಮಧ್ಯಾಹ್ನ ಮೈಕು, ಪೆಟ್ಟಿಗೆ, ಲ್ಯಾಪ್‌ಟಾಪು, ಬ್ಯಾಟರಿಯನ್ನು ಚೀಲದಲ್ಲಿಟ್ಟುಕೊಂಡು ಮಸ್ಕಿಗೆ ಹೋದೆ. ಸಂಜೆಯ ಬಸ್ಸಿಗೆ ಅತ್ತೆಯನ್ನು ರಾಯಚೂರಿಗೆ ಕರೆದೊಯ್ದು ದವಾಖಾನೆಗೆ ಸೇರಿಸಬೇಕಿತ್ತು. ಇದ್ದದ್ದು ನಡುವಿನ ಹೊತ್ತಷ್ಟೇ.

ಬ್ಯಾಟರಿ ನೋಡಿ ಅತ್ತೆ ಹಣೆ ಗಟ್ಟಿಸಿಕೊಂಡಳು. "ಲೇ, ನನ್ನ ಗಂಟಲನ್ನ ಕಿಕ್ ಹೊಡದು ಚಾಲೂ ಮಾಡ್ತೀಯೇನು?"

"ನೀ ಸುಮ್ನ ಹಾಡು ಅತ್ತಿ. ಮೈಕಿನ ಕಡೆ ನೋಡಬ್ಯಾಡ."

ಅವಳು ಮೈಕನ್ನೂ ನೋಡಲಿಲ್ಲ, ಹಾಡಲೂ ಇಲ್ಲ. ಬೀಸುಕಲ್ಲಿನ ಮುಂದೆ ಕೂತು ಬೊಗಸೆ ಜೋಳ ಹಾಕಿ, ಗೂಟದ ಮೇಲೆ ಕೈಯಿಟ್ಟು ಬಾಗಿಲು ನೋಡುತ್ತ ಕೂತಳು.

"ಯಾಕತ್ತಿ?"

"ಎದುರಿಗೆ ಯಾರು ಕೂಡ್ತಾರ?"

ಆಗ ನನ್ನ ತಲೆಗೆ ಹೋಯಿತು. ಚಿಕ್ಕಂದಿನಿಂದ ನೋಡಿದ್ದರೂ ನೆನಪಾಗಿರಲಿಲ್ಲ. ಬೀಸುವ ಪದವನ್ನು ಇಬ್ಬರು ಹಾಡಬೇಕು. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಎತ್ತಿದ ಸಾಲನ್ನು ಎದುರಿನವಳು ಮತ್ತೆ ಹೇಳಿ ದಾಟಿಸಬೇಕು, ಅವಳು ದಾಟಿಸುವಷ್ಟರಲ್ಲಿ ಇವಳಿಗೆ ಮುಂದಿನ ಸಾಲು ಬರುತ್ತದೆ. ದಿನಾ ಜೊತೆಗೆ ಕೂರುವ ಪಕ್ಕದ ಮನೆಯಾಕೆ ಅಂದು ಮಗಳ ಊರು ತುರ್ವಿಹಾಳಕ್ಕೆ ಹೋಗಿದ್ದಳು. ಚಿಪ್ಪಿನ ಎಲ್ಲ ಕಾಲುಗಳ ಲೆಕ್ಕ ಹಿಡಿದವನು ಹಾಡಿಗೆ ಎಷ್ಟು ಜನ ಬೇಕೆಂದು ಕೇಳಿರಲಿಲ್ಲ.

"ಒಬ್ಬಾಕೀನೇ ಹಾಡಾಕ ಬರಂಗಿಲ್ಲೇನು?"

"ಬಾಯಿ ಬರ್ತದ, ಪದ ಬರಂಗಿಲ್ಲೋ. ನೀನೇ ಕೂಡು ಬಾ."

"ನಾನಾ? ನಾ ಮೀಟರ್ ನೋಡಬೇಕು. ಸದ್ದು ಜಾಸ್ತಿ ಆದ್ರ ಒಡೀತದ, ಬ್ಯಾಟರಿ ಇಳದ್ರ—"

"ಬಸ್ಸು ಹೋದ್ರ?" ಎಂದಳು ಅತ್ತೆ.

ಹೆಡ್‌ಫೋನು ತೆಗೆದಿಟ್ಟೆ. ಮುಳುಗುವ ದೋಣಿಯಿಂದ ಇಳಿದುಬಂದ ನಾವಿಕನಂತೆ ಅನ್ನಿಸಿತು. ಸದ್ದಿನ ಗುಂಡಿಯನ್ನು ಅಂದಾಜಿಗೆ ಒಂಚೂರು ತಗ್ಗಿಸಿ, ರೆಕಾರ್ಡ್ ಒತ್ತಿ, ಎದುರು ಕೂತು ಗೂಟ ಹಿಡಿದೆ. ಅತ್ತೆಯ ಕೈ ನನ್ನ ಕೈ ಮೇಲೆ ಬಂತು. ಕಲ್ಲು ತಿರುಗಿತು. ಅವಳು ಸಾಲು ಎತ್ತಿದಳು. ಗಡ್ಡೆಯ ಪಕ್ಕದಲ್ಲಿ ನರವೊಂದು ಬಿಗಿಯುವುದನ್ನೇ ನೋಡುತ್ತ ನನ್ನ ಸಾಲು ತಪ್ಪಿಸಿದೆ. ಅವಳು ಕಣ್ಣಲ್ಲೇ ಗದರಿದಳು. ಹೇಳಿದೆ. ಅದನ್ನು ಹಾಡು ಎನ್ನಲಾಗದು. ಲ್ಯಾಪ್‌ಟಾಪಿನ ಪರದೆ ನನ್ನ ಬೆನ್ನಿಗಿತ್ತು. ಸದ್ದು ಒಡೆಯುತ್ತಿದೆಯೋ, ಬ್ಯಾಟರಿ ಇದೆಯೋ ಹೋಯಿತೋ, ತಿರುಗಿ ನೋಡುವಂತಿಲ್ಲ. ಕೈ ಬಿಟ್ಟರೆ ಕಲ್ಲು ನಿಲ್ಲುತ್ತದೆ, ಕಲ್ಲು ನಿಂತರೆ ಪದ ನಿಲ್ಲುತ್ತದೆ. ಜೋಳ ಮುಗಿಯುವವರೆಗೆ ಹಾಗೆಯೇ ಬೀಸಿದೆವು.

ರೆಕಾರ್ಡ್ ಆದದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲೂ ಬರಲಿಲ್ಲ. ಮರುದಿನ ಅವಳನ್ನು ಒಳಗೆ ಕರೆದೊಯ್ದ ಮೇಲೆ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಹೆಡ್‌ಫೋನು ಹಾಕಿಕೊಂಡೆ. ಎಲ್ಲವೂ ಉಳಿದಿತ್ತು. ಕಲ್ಲಿನ ಗರಗರ, ಜೋಳ ನುರಿಯುವುದು, ಸಾಲು ಎತ್ತುವ ಮುಂಚೆ ಅವಳು ಎಳೆದುಕೊಳ್ಳುವ ಉಸಿರು. ಪ್ರತಿ ಸಾಲಿನ ಬಾಲಕ್ಕೆ, ಒಂದು ಚೂರೂ ಸುಯ್ ಇಲ್ಲದೆ, ಅಚ್ಚುಕಟ್ಟಾಗಿ ನಾನು. ನನ್ನನ್ನು ಕತ್ತರಿಸಿದರೆ ಅವಳೂ ತುಂಡಾಗುತ್ತಿದ್ದಳು.

ಸಂಜೆ ವಾರ್ಡಿನಲ್ಲಿ ಅತ್ತೆಗೆ ಎಚ್ಚರವಿತ್ತು, ಮಾತಾಡಕೂಡದೆಂದು ನರ್ಸು ಹೇಳಿ ಹೋಗಿದ್ದಳು. ಗಂಟಲಿಗೆ ದಪ್ಪ ಪಟ್ಟಿ. ಅದರ ಹಿಂದೆ ಯಾವ ದನಿ ಉಳಿದಿದೆಯೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹೆಡ್‌ಫೋನನ್ನು ಅವಳ ಕಿವಿಗಿಟ್ಟೆ. ಕಣ್ಣು ಮುಚ್ಚಿ ಕೇಳಿದಳು. ಹೊದಿಕೆಯ ಮೇಲೆ ಅವಳ ಕೈ ಸಣ್ಣಗೆ ಸುತ್ತತೊಡಗಿತು. ಆಮೇಲೆ ಹುಬ್ಬು ಗಂಟಿಕ್ಕಿತು. ನನ್ನ ಸರದಿ ಬಂತೆಂದು ತಿಳಿಯಿತು.

ಅತ್ತೆ ಕಣ್ಣು ತೆರೆದು ತನ್ನ ಪಟ್ಟಿಯನ್ನು ಮುಟ್ಟಿ ತೋರಿಸಿದಳು. ಮತ್ತೆ ಅದೇ ಬೆರಳನ್ನು ನನ್ನ ಗಂಟಲಿಗೆ ಒತ್ತಿ, ಇಲ್ಲಿ ಕೊಯ್ಯಬೇಕಿತ್ತು ಎಂಬಂತೆ ಒಂದು ಗೆರೆ ಎಳೆದಳು.