ಸುಮ್ನ ಹೊಂಟೇವ್ರಿ

ಕಂಡಕ್ಟರ್ ನಮ್ಮನ್ನು ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ.

ಬಸ್ಸು ತುಂಬಿರಲಿಲ್ಲ. ಹಿಂದಿನ ಸೀಟುಗಳು ಪೂರ್ತಿ ಖಾಲಿ. ನಮ್ಮ ಕೈಯಲ್ಲಿ ಕೋಳಿ, ಕುರಿ ಏನೂ ಇರಲಿಲ್ಲ. ಆದರೂ ಆತ ಬಾಗಿಲಲ್ಲಿ ಅಡ್ಡ ನಿಂತು, ಎರಡೂ ಕೈ ಜೋಡಿಸಿ, ‘ದಯಮಾಡಿ ಹತ್ತಬ್ಯಾಡ್ರಿ ಸರ್. ಪಾಪ ನನಗ ಹತ್ತತೈತಿ’ ಅಂದ. ನಾವು ಬಸ್ ಹತ್ತಿದರೆ ಕಂಡಕ್ಟರನಿಗೆ ಪಾಪ ಹತ್ತುತ್ತದೆ ಎಂದು ನಾನು ಕೇಳಿದ್ದು ಅದೇ ಮೊದಲು.

ಮೊನ್ನೆ ರವಿವಾರ ಮನೆಗೆ ಬಂದ ಗೆಳೆಯರಿಗೆ ಈ ಕಥೆ ಹೇಳುತ್ತಿದ್ದೆ. ಅರ್ಧ ಹೇಳುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜಾಳ ದನಿ ಬಂತು: ‘ಹಂಗಾಗಿಲ್ರಿ ಅದು.’ ನಾನು ಹೇಳಿದ್ದು ಒಂದು, ಆಕೆ ಹೇಳಿದ್ದು ಇನ್ನೊಂದು. ಇಬ್ಬರೂ ಅಲ್ಲಿಯೇ ಇದ್ದವರು. ಘಟನೆ ನಡೆದು ಆರೋ ಏಳೋ ವರ್ಷವಾಗಿದೆ, ಅಷ್ಟೇ. (ನೋಡಿ, ಅದೂ ಖಾತ್ರಿಯಿಲ್ಲ.) ಆದ್ದರಿಂದ ಈ ವಾರದ ಅಂಕಣದಲ್ಲಿ ನನ್ನ ನೆನಪನ್ನು ಹೇಳುತ್ತ, ಆಕೆಯ ತಿದ್ದುಪಡಿಗಳನ್ನು ಬ್ರಾಕೆಟ್ಟಿನಲ್ಲಿ ಹಾಕುತ್ತೇನೆ. ಸತ್ಯ ಯಾವುದೆಂದು ನೀವೇ ತೀರ್ಮಾನಿಸಿ.

ಈಗ ಎಂಬತ್ತರ ದಶಕದ ನಡುವಿದ್ದೇವೆ; ಅದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಾನಗಲ್ಲಿನಲ್ಲಿ ನಮ್ಮದು ಮೂರು ಕೋಣೆಯ ಮನೆ, ಹನ್ನೊಂದು ಜನ. ನಾನು ದಿನಾ ಬೆಳಗಿನ ಬಸ್ ಹಿಡಿದು ಶಿಗ್ಗಾವಿಗೆ ಪಾಠ ಹೇಳಲು ಹೋಗುತ್ತಿದ್ದೆ. ವಾಪಸ್ ಬರುವ ಹೊತ್ತಿಗೆ ದೀಪ ಹಚ್ಚಿರುತ್ತಿದ್ದರು. ನಮ್ಮ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ನಾನೂ ಗಿರಿಜಾಳೂ ಆಡಿದ ಮಾತುಗಳನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು. ಇನ್ನೂ ಜಾಗ ಉಳಿಯುತ್ತಿತ್ತು.

ಜಗಳವೇನೂ ಇರಲಿಲ್ಲ. ಜಾಗವಿರಲಿಲ್ಲ. ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ನಾವು ಈ ಕಡೆ ಪಿಸುಗುಟ್ಟಿದರೆ ಆ ಕಡೆಯಿಂದ ಅಜ್ಜಿ, ‘ಏನಂದಿ?’ ಅನ್ನುತ್ತಿದ್ದಳು. ಅಜ್ಜಿಗೆ ಕಿವಿ ಮಂದ ಎಂದು ಡಾಕ್ಟರು ಹೇಳಿದ್ದರು. ಯಾರ ವಿಷಯದಲ್ಲಿ ಮಂದ?

ಹೀಗಿರುವಾಗ ಒಂದು ಬೆಳಗ್ಗೆ ಗಿರಿಜಾ ತಲೆಯ ಮೇಲಿನ ಕೊಡ ಇಳಿಸುತ್ತ, ‘ನಿಮಗ ಒಂದ ಮಾತ ಕೇಳೂದೈತ್ರಿ’ ಅಂದಳು. ‘ಕೇಳು’ ಅಂದೆ. ಅಷ್ಟರಲ್ಲಿ ಅವ್ವ ಬಂದಳು. ಮರುದಿನ ‘ಏನದು?’ ಅಂದೆ. ಕಾಕಾ ಬಂದ. ಅದರ ಮರುದಿನ ಹಿತ್ತಲಲ್ಲಿ ಹಿಡಿದು ನಿಲ್ಲಿಸಿದೆ. ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬಂದರು. ಹೀಗೆ ಮೂರು ವಾರ. ಆಕೆಯ ಮುಖ ನೋಡಿದರೆ ಸಣ್ಣ ಮಾತಿನಂತೆ ಕಾಣುತ್ತಿರಲಿಲ್ಲ.

ಏನಿರಬಹುದು? ನಾನೇನು ತಪ್ಪು ಮಾಡಿದೆ? ತವರಿಗೆ ಹೊರಟುಬಿಡುತ್ತಾಳೆಯೇ? ಎಲ್ಲರೆದುರು ಕೇಳಲಾಗದ ಮಾತು ಎಂದರೆ ಎಂಥದ್ದು? ಆ ಮೂರು ವಾರ ನನಗೆ ಊಟ ಸೇರಲಿಲ್ಲ. (ಸೇರಿತ್ತು ಎನ್ನುತ್ತಾಳೆ ಗಿರಿಜಾ. ರೊಟ್ಟಿ ಬಡಿದು ಹಾಕಿದವಳು ಆಕೆ, ಒಪ್ಪಿಕೊಳ್ಳೋಣ.)

ಆಗ ನನ್ನ ನೆರವಿಗೆ ಬಂದದ್ದು ಮೆಡಿಟರೇನಿಯನ್ ಸಮುದ್ರ.

ಧಾರವಾಡದಲ್ಲಿ ಎಂ.ಎ. ಓದುವಾಗ ಲೈಬ್ರರಿಯ ಯಾವುದೋ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಒಂದು ಲೇಖನ ಓದಿದ್ದೆ. ಆ ಸಮುದ್ರದ ಒಂದು ದ್ವೀಪ. ಸೈಪ್ರಸ್ಸೋ, ಮಾಲ್ಟಾವೋ, ಮರೆತಿದ್ದೇನೆ. ಗಂಡ ಹೆಂಡತಿ ಬೆಳಗಿನ ಬಸ್ಸಿನಲ್ಲಿ ಗುಡ್ಡದ ಮೇಲಿನ ಒಂದು ಹಳ್ಳಿಗೆ ಹೋಗಿ ಇಳಿಯುತ್ತಾರೆ. ಕಾಲುದಾರಿ ಹಿಡಿದು ಮಾತಾಡುತ್ತ ನಡೆಯುತ್ತಾರೆ. ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ಸಂಜೆ ಬೇರೊಂದು ಊರಿನಲ್ಲಿ ಬೇರೊಂದು ಬಸ್ ಹತ್ತಿ ಮನೆಗೆ ಬರುತ್ತಾರೆ. ಇಷ್ಟೇ ಲೇಖನ. ಆದರೆ ಅದರಲ್ಲಿದ್ದ ಒಂದು ವಾಕ್ಯ ಮಾತ್ರ ಮರೆತಿರಲಿಲ್ಲ: ದಿನವೆಲ್ಲ ಯಾರೂ ನಮ್ಮನ್ನು ಏನೂ ಕೇಳಲಿಲ್ಲ.

ನಮ್ಮಲ್ಲಿಯೂ ಬಸ್ಸುಗಳಿವೆ. ನಮಗೂ ಕಾಲುಗಳಿವೆ. ಗಿರಿಜಾಳ ತವರು ಹಿರೇಕೆರೂರು. ಹಾನಗಲ್ಲಿನಿಂದ ತಿಳವಳ್ಳಿಗೆ ಬಸ್ಸಿನಲ್ಲಿ ಹೋಗುವುದು, ಅಲ್ಲಿಯ ಹಳೆಯ ಗುಡಿ ನೋಡುವುದು, ಆಮೇಲೆ ಹಿರೇಕೆರೂರಿನ ದಿಕ್ಕಿಗೆ ನಡೆಯುತ್ತ ಮಾತಾಡುವುದು, ಕಾಲು ಸೋತಾಗ ಬಸ್ಸಿಗೆ ಕೈ ಮಾಡುವುದು. ಅವ್ವನಿಗೆ, ‘ಈಕಿನ್ನ ತವರಮನಿಗೆ ಕರಕೊಂಡು ಹೋಗಿ ಬರ್ತೇನಿ’ ಅಂದೆ. ಅದು ಸುಳ್ಳಲ್ಲ. ನಡುವೆ ನಡೆಯುತ್ತೇವೆ ಎಂದು ಹೇಳಲಿಲ್ಲ, ಅಷ್ಟೇ. ಹೇಳಿದ್ದರೆ ಅಜ್ಜಿಯೂ ಹೊರಡುತ್ತಿದ್ದಳು.

ಒಂದು ಸಂಗತಿ ಮಾತ್ರ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಹಾನಗಲ್ ತಾಲೂಕು ದ್ವೀಪವಲ್ಲ.

ತಿಳವಳ್ಳಿಯಲ್ಲಿ ಗುಡಿ ನೋಡಿ ಹೊರಟೆವು. ಬಸ್ಸಿನಲ್ಲಿ ಜೊತೆಗಿದ್ದ ಒಬ್ಬರು ನಮ್ಮ ಮನೆತನ ವಿಚಾರಿಸುತ್ತ ಊರ ಹೊರಗಿನವರೆಗೂ ಬಂದರು. ಅವರು ಹೊಲದ ದಾರಿ ಹಿಡಿದ ಮೇಲೆ ಮೊದಲ ಸಲ ನಾವಿಬ್ಬರೇ ಉಳಿದೆವು. ಎರಡೂ ಕಡೆ ಭತ್ತ ಹಳದಿಗೆ ತಿರುಗಿತ್ತು. ಬಿಸಿಲು ಹಿತವಾಗಿತ್ತು. ಅಷ್ಟರಲ್ಲಿ ಗಿರಿಜಾಳ ಹೊಸ ಚಪ್ಪಲಿ ಕಚ್ಚತೊಡಗಿತು. ಆಕೆ ಅದನ್ನು ತೆಗೆದು ನನ್ನ ಕೈಚೀಲಕ್ಕೆ ಹಾಕಿದಳು. ಆಕೆ ಬರಿಗಾಲಲ್ಲಿ ನಡೆಯುವಾಗ ನಾನು ಮೆಟ್ಟಿಕೊಂಡು ನಡೆಯುವುದು ಸರಿಯಲ್ಲವೆಂದು ನಾನೂ ತೆಗೆದೆ. (ನನ್ನ ಚಪ್ಪಲಿಯ ಬಾರು ಹರಿದಿತ್ತಂತೆ. ಇರಬಹುದು. ಆದರೆ ಹರಿಯದಿದ್ದರೂ ತೆಗೆಯುತ್ತಿದ್ದೆ ಎಂದು ನನ್ನ ನಂಬಿಕೆ.)

‘ಈಗರ ಹೇಳು’ ಅಂದೆ.

‘ಆ ಮಾವಿನ ಗಿಡ ಬರಲ್ರಿ. ಕುಂತು ಕೇಳ್ತೇನಿ.’

ಮಾವಿನ ಗಿಡ ಬಂತು. ಅದರ ಕೆಳಗೆ ಭತ್ತ ಕೊಯ್ಯಲು ಬಂದ ಐದಾರು ಹೆಂಗಸರು ಬುತ್ತಿ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ಹಿರಿಯಳು ಫಕೀರವ್ವ. ಹೆಸರು ತಿಳಿದದ್ದು ಆಮೇಲೆ. ಆಕೆ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕಾಲಿನ ಮೇಲೆ ಕಣ್ಣನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ, ಕೇಳಿದಳು:

‘ಎಲ್ಲಿಗೆ ಹೊಂಟೀರ್ರೀ? ಬಸ್ ತಪ್ಪಿತೇನ?’

‘ಇಲ್ರಿ. ಸುಮ್ನ ಹೊಂಟೇವ್ರಿ.’

‘ಸುಮ್ನ?’

‘ಹೂಂನ್ರಿ, ಸುಮ್ನ.’

ನಮ್ಮ ಕಡೆಯ ‘ಸುಮ್ನ’ಕ್ಕೆ ಎರಡು ಅರ್ಥ. ಕೆಲಸವಿಲ್ಲದೆ ಎಂಬುದು ಒಂದು. ಬಾಯಿ ಮುಚ್ಚಿಕೊಂಡು ಎಂಬುದು ಇನ್ನೊಂದು. ನಾನು ಹೇಳಿದ್ದು ಮೊದಲನೆಯದು. ಫಕೀರವ್ವ ನಮ್ಮ ಬರಿಗಾಲು ನೋಡಿದ್ದಳು. ಗಿರಿಜಾಳ ಕೈತುಂಬ ಹಸಿರು ಬಳೆ ನೋಡಿದ್ದಳು. ಬಸ್ಸು ಓಡಾಡುವ ರಸ್ತೆಯಲ್ಲಿ ನಾವು ನಡೆದು ಬರುವುದನ್ನೂ ನೋಡಿದ್ದಳು. ಬುದ್ಧಿ ನೆಟ್ಟಗಿರುವ ಗಂಡ ಹೆಂಡತಿ ಕೆಲಸವಿಲ್ಲದೆ ಹೀಗೆ ನಡೆಯುತ್ತಾರೆಯೇ? ಆಕೆ ಎರಡನೆಯ ಅರ್ಥವನ್ನೇ ಆರಿಸಿಕೊಂಡಳು.

‘ಯವ್ವ, ಸುಮ್ನ ನಡಿಯೂ ಹರಕಿ ಹೊತ್ತಾರ ಇವರು,’ ಎಂದು ಉಳಿದವರ ಕಡೆ ತಿರುಗಿದಳು. ‘ನಾ ಒಬ್ಬಾಕಿ, ಬಾಯಿ ಬಿಡಿಸಿಬಿಟ್ಟೆ.’

‘ಇಲ್ರಿ ಯವ್ವಾ, ಹಂಗಲ್ಲ ಅದು...’

‘ಬ್ಯಾಡಪ್ಪಾ, ಬ್ಯಾಡ. ಇನ್ನ ಒಂದ ಮಾತೂ ಆಡಬ್ಯಾಡ. ಈಗ ಆಡಿದ್ದು ನನ್ನ ಪಾಲಿಗಿರ್ಲಿ.’

‘ಮಕ್ಕಳ ಹರಕಿನ ಇರಬೇಕ ಬಿಡವ್ವ,’ ಅಂದಳು ಕುಡುಗೋಲು ಒರೆಸುತ್ತಿದ್ದ ಒಬ್ಬಳು. ‘ಬಳಿ ನೋಡಿದ್ರ ಇನ್ನೂ ಬಣ್ಣ ಹೋಗಿಲ್ಲ. ಏನ ಅವಸರನೋ ಇವರಿಗೆ.’

ನಾನು ಬಾಯಿ ತೆರೆದಾಗಲೆಲ್ಲ ಆರು ಹೆಂಗಸರು ಕೈ ಅಡ್ಡ ಮಾಡಿದರು. ನೀನಾದರೂ ಹೇಳು ಎಂದು ಗಿರಿಜಾಳ ಕಡೆ ನೋಡಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದಳು. ಭುಜ ಅಲುಗುತ್ತಿದ್ದವು. ಹೆಂಗಸರು ಅದನ್ನು ಭಕ್ತಿ ಎಂದುಕೊಂಡರು. ನನಗೆ ನಗುವಿನಂತೆ ಕಂಡಿತು.

ಹರಕೆ ಹೊತ್ತವರ ಜೊತೆ ನಾಲ್ಕು ಹೆಜ್ಜೆ ಹಾಕಿದರೆ ಪುಣ್ಯವಲ್ಲವೇ? ಹೆಂಗಸರೆಲ್ಲ ಎದ್ದರು. ಕೊಯ್ಲು ಸ್ವಲ್ಪ ಕಾಯಬಹುದು ಎಂದು ತೀರ್ಮಾನವಾಯಿತು. ಫಕೀರವ್ವ ನಮ್ಮಿಬ್ಬರ ನಡುವೆ ನಡೆಯತೊಡಗಿದಳು. ನಾವು ಮರೆತು ಮಾತಾಡಿಬಿಟ್ಟರೆ ಎಂಬ ಕಾಳಜಿ. ಹೆಂಡತಿಯ ಜೊತೆ ಮಾತಾಡಬೇಕೆಂದು ಮನೆ ಬಿಟ್ಟು ಬಂದವನು ನಾನು. ಈಗ ಮಾತಾಡದಂತೆ ಕಾಯಲು ಆರು ಜನ.

ಅವರ ಊರು ಬಂತು. ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ಎದ್ದು, ‘ಬರ್ರಿ, ಕುಂದರ್ರಿ’ ಎನ್ನಲು ಹೋಗಿ ತಡೆದುಕೊಂಡು, ಕೈಸನ್ನೆ ಮಾಡಿ ಕೂಡಿಸಿದರು. ಆಮೇಲೆ ಇಡೀ ಊರು ನಮ್ಮೊಡನೆ ಕೈಸನ್ನೆಯಲ್ಲೇ ಮಾತಾಡಿತು. ಮಜ್ಜಿಗೆ ಬೇಕೇ? ಹೆಬ್ಬೆರಳು ಬಾಯಿಗೆ. ಕಾಲು ನೋಯುತ್ತಿವೆಯೇ? ಬೆರಳು ಪಾದದ ಕಡೆ. ಮೌನ ನಮ್ಮದು, ಕಿವುಡರೂ ನಾವೇ ಎಂದು ಅವರು ತಿಳಿದಂತಿತ್ತು.

‘ಅವರಿಗೆ ಕೇಳ್ತದೋ ಮುದುಕಾ,’ ಅಂದಳು ಫಕೀರವ್ವ. ‘ಬಾಯಿ ಒಂದ ಮುಚ್ಚ್ಯಾರ.’

ಫಕೀರವ್ವ ಗಿರಿಜಾಳನ್ನು ತನ್ನ ಮನೆಗೆ ಕರೆದೊಯ್ದು ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ಒಂದು ಕುಬಸದ ಖಣ. ಹೊರಗೆ ಬಂದ ಗಿರಿಜಾಳ ಕಣ್ಣು ಒದ್ದೆಯಾಗಿತ್ತು. ಅದು ನಗುವೋ, ಅಳುವೋ ನನಗೆ ತಿಳಿಯಲಿಲ್ಲ. (ಆಕೆ ಇವತ್ತಿಗೂ ಹೇಳಿಲ್ಲ.) ಗುರುತಿಲ್ಲದ ಹೆಣ್ಣುಮಗಳಿಗೆ ಮನೆಯಲ್ಲಿದ್ದ ಒಳ್ಳೆಯ ಖಣ ತೆಗೆದುಕೊಟ್ಟವಳಿಗೆ, ‘ಯವ್ವಾ, ನೀನು ತಪ್ಪು ತಿಳಿದಿ’ ಎಂದು ಹೇಳುವುದು ಹೇಗೆ? ಸುಮ್ಮನಿರುವುದು ಈಗ ನಿಜವಾಗಿಯೂ ಅನಿವಾರ್ಯವಾಯಿತು.

ಊರ ಮುಂದಿನ ಕ್ರಾಸಿಗೆ ಬಂದೆವು. ಅಷ್ಟು ಹೊತ್ತಿಗೆ ಹಿರೇಕೆರೂರಿಗೆ ಹೋಗುವ ಬಸ್ ಧೂಳೆಬ್ಬಿಸುತ್ತ ಬಂತು. ನಾನು ಎರಡೂ ಕೈ ಎತ್ತಿ ನಿಲ್ಲಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಫಕೀರವ್ವ ಕಂಡಕ್ಟರನಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಳು.

ಕಂಡಕ್ಟರ್ ಸವಣೂರಿನವನು. ಬಾಯಿತುಂಬ ಆ ಊರಿನ ಎಲೆ. ಕೈ ಮುಗಿದು ಅವನಾಡಿದ ಮೊದಲ ಮಾತನ್ನು ಆಗಲೇ ಹೇಳಿದ್ದೇನೆ.

‘ಹರಕಿ ಗಿರಿಕಿ ಏನೂ ಇಲ್ರಿ,’ ಅಂದೆ, ಧೈರ್ಯ ಮಾಡಿ.

‘ಕಾಲ ನೋಯಾಕ ಹತ್ತಿದ ಮ್ಯಾಲ ಎಲ್ಲಾರೂ ಹಂಗ ಅಂತಾರ್ರಿ ಸರ್. ಹಿಂದಕೊಮ್ಮೆ ಇಂಥವರ ಇಬ್ಬರನ್ನ ಹತ್ತಿಸಿಕೊಂಡಿದ್ದೆ. ಮುಂದಿನ ಊರು ಮುಟ್ಟೂದ್ರಾಗ ಎರಡ ಟೈರ್ ಹೋದವು.’

ಒಳಗಿನಿಂದ ಡ್ರೈವರ್ ಇಣುಕಿದ. ‘ಮುಗೀತಲ್ರೀ, ಇನ್ನೇನ ನಾಕ ಹೆಜ್ಜಿ. ಇಷ್ಟ ನಡದೀರಿ, ಅಷ್ಟ ನಡೀರಿ.’

‘ಆ ಚೀಲ ಕೊಡ್ರಿ ಇಲ್ಲೆ,’ ಎಂದು ಕಂಡಕ್ಟರ್ ನನ್ನ ಕೈಯಿಂದ ಕೈಚೀಲ ತೆಗೆದುಕೊಂಡ. ‘ಸ್ಟ್ಯಾಂಡಿನ್ಯಾಗ ಚಹಾದ ಅಂಗಡಿಯಾಗ ಇಟ್ಟಿರ್ತೇನಿ. ಭಾರ ಯಾಕ ಹೊರ್ತೀರಿ?’

ರೈಟ್ ಅಂದ. ಬಸ್ಸು ಹೋಯಿತು. ಚೀಲವೂ ಹೋಯಿತು. ಚೀಲದಲ್ಲಿ ನಾಲ್ಕೂ ಚಪ್ಪಲಿ.

ಅಷ್ಟರಲ್ಲಿ ಫಕೀರವ್ವ ನಿಂತಳು. ‘ಇಲ್ಲಿಗೆ ನಮ್ಮ ಸೀಮಿ ಮುಗೀತಪ್ಪ. ಇನ್ನ ನೀವ ಇಬ್ಬರ ಹೋಗಬೇಕು.’ ಗಿರಿಜಾಳ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಹೆಂಗಸರೆಲ್ಲ ಹೊಲದ ಕಡೆ ತಿರುಗಿದರು.

ರಸ್ತೆ ಖಾಲಿಯಾಯಿತು. ಹಿರೇಕೆರೂರು ಇನ್ನೂ ಆರು ಕಿಲೋಮೀಟರ್ ಇತ್ತು. (ನಾಲ್ಕು ಎನ್ನುತ್ತಾಳೆ ಗಿರಿಜಾ. ಬರಿಗಾಲಿಗೆ ಆರು ಎನ್ನುತ್ತೇನೆ ನಾನು.) ಇನ್ನು ಬಸ್ಸಿಲ್ಲ, ಅಜ್ಜಿಯಿಲ್ಲ, ಕಾಕಾ ಇಲ್ಲ. ನಡೆಯದೆ ಗತಿಯಿಲ್ಲ. ಮಾತಾಡದೆಯೂ ಗತಿಯಿಲ್ಲ.

‘ಏನದು, ಕೇಳು ಈಗ’ ಅಂದೆ.

ಆಕೆ ಬೆರಳು ತುಟಿಯ ಮೇಲಿಟ್ಟು, ‘ಹರಕಿ’ ಅಂದಳು.

‘ಗಿರಿಜಾ.’

ಉಡಿಯ ಗಂಟನ್ನು ಬಿಗಿ ಮಾಡಿಕೊಂಡಳು. ಆಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದಳು:

‘ದಿನಾ ಊಟಾದ ಮ್ಯಾಲ ಒಂದು ವಹಿ ತಗೊಂಡು ಬರಿಯಾಕ ಕುಂದರ್ತೀರಲ್ಲ. ಅದರಾಗ ನನ್ನ ಬಗ್ಗೆ ಏನ ಬರೀತೀರಿ?’

ನಾನು ನಿಂತುಬಿಟ್ಟೆ.

‘ಪಲ್ಯಾ ಖಾರ ಆದ ದಿನ ಭಾಳ ಹೊತ್ತು ಬರೀತೀರಿ. ನಾ ನೋಡೇನಿ,’ ಅಂದಳು. ‘ನಂದೇನರ ತಪ್ಪಿದ್ರ ನನಗ ಹೇಳ್ರಿ. ವಹಿಗೆ ಯಾಕ ಹೇಳ್ತೀರಿ?’

ಮೂರು ವಾರ ನಾನು ಹೆದರಿದ್ದೆ. ಆಕೆ ನಾಲ್ಕು ತಿಂಗಳು ಹೆದರಿದ್ದಳು, ನನ್ನ ಡೈರಿಗೆ. ಆಕೆ ಏಳನೇ ಇಯತ್ತೆ ಓದಿದವಳು. ತೆಗೆದು ನೋಡಬಹುದಿತ್ತು. ಇನ್ನೊಬ್ಬರ ವಹಿ ಎಂದು ಮುಟ್ಟಿರಲಿಲ್ಲ.

ಅಂಥದ್ದೇನು ಬರೆದಿದ್ದೆ ನಾನು? ಅಲ್ಲಿಯೇ ನಿಂತು ಮನಸ್ಸಿನಲ್ಲೇ ಪುಟ ತಿರುವಿದೆ. ಶಿಗ್ಗಾವಿ ಬಸ್ ತಡವಾದದ್ದು. ಮಳೆ ಬಂದದ್ದು, ಬಾರದಿದ್ದದ್ದು. ಪೇಪರಿನಲ್ಲಿ ಓದಿದ ರಾಜಕೀಯ, ಅದಕ್ಕೆ ನನ್ನ ಟಿಪ್ಪಣಿ. ಹೊಸ ಛತ್ರಿ. ಮನುಷ್ಯನ ಏಕಾಂತದ ಕುರಿತು ಎರಡು ಸಲ. ತಿರುವುತ್ತ ತಿರುವುತ್ತ ನನಗೇ ನಾಚಿಕೆಯಾಯಿತು. ಸುಳ್ಳು ಹೇಳಬಹುದಿತ್ತು. ಹೊಗಳಿ ಬರೆದಿದ್ದೇನೆ ಎಂದರೆ ಆಕೆ ನಂಬುತ್ತಿದ್ದಳು.

‘ನಿನ್ನ ಬಗ್ಗೆ ಏನೂ ಬರದಿಲ್ಲ’ ಅಂದೆ.

‘ಏನೂ?’

‘ಒಂದ ಸಾಲೂ ಇಲ್ಲ.’

‘ಲಗ್ನದ ದಿನ?’

‘ಅವತ್ತ ಬರಿಯಾಕ ಟೈಮ್ ಆಗಲಿಲ್ಲ.’

‘ಮತ್ತ ಯಾತರ ಬಗ್ಗೆ ಬರೀತೀರಿ ಅಷ್ಟು?’

‘ಬಸ್ಸು. ಮಳಿ. ಛತ್ರಿ ತಗೊಂಡದ್ದು.’

‘ಛತ್ರಿ ಬಗ್ಗೆ ಎಷ್ಟ ಬರದೀರಿ?’

‘ಒಂದೂವರಿ ಪುಟ.’

ಆಕೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಮೇಲೆ ಕುಸಿದು ಕೂತಳು. ಸಿಟ್ಟಾದಳೆಂದು ಹತ್ತಿರ ಹೋದೆ. ನಗುತ್ತಿದ್ದಳು. ಮಾವಿನ ಗಿಡದಿಂದ ತಡೆಹಿಡಿದದ್ದು, ಬಹುಶಃ ನಾಲ್ಕು ತಿಂಗಳಿಂದ ತಡೆಹಿಡಿದದ್ದು, ಒಟ್ಟಿಗೇ ಬಂತು. ಉಡಿಯ ಅಕ್ಕಿ ಚೆಲ್ಲುವಂತೆ ನಕ್ಕಳು. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತು ನಕ್ಕೆ. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ದಾಟುವಾಗ ಎತ್ತುಗಳನ್ನು ಸ್ವಲ್ಪ ಆಚೆಗೆ ಹೊಡೆದುಕೊಂಡು ಹೋದ.

ಹಿರೇಕೆರೂರು ಮುಟ್ಟುವವರೆಗೆ ಆಕೆ ಮಾತಾಡಿದಳು. ತನಗೆ ನನಗಿಂತ ಚೆನ್ನಾಗಿ ಈಜು ಬರುತ್ತದೆ ಎಂದಳು. ನಮ್ಮ ಮನೆಯ ಚಹಾ ಕುಡಿಯಲಿಕ್ಕಾಗುವುದಿಲ್ಲ ಎಂದಳು. ಅಜ್ಜಿಯ ಹಾಗೆ ‘ಏನಂದಿ?’ ಅಂದು ತೋರಿಸಿದಳು, ಥೇಟ್ ಅಜ್ಜಿ. ನಾಲ್ಕು ತಿಂಗಳಲ್ಲಿ ಆಕೆ ಒಂದು ವಾಕ್ಯ ಶುರು ಮಾಡಿ ಮುಗಿಸುವುದನ್ನು ನಾನು ಮೊದಲ ಸಲ ಕೇಳಿದೆ. ಊರ ದೀಪಗಳು ಕಂಡಾಗ, ‘ಇನ್ನ ಒಂದೀಟು ದೂರ ಇದ್ದಿದ್ರ ಚಲೋ ಇತ್ತಲ್ರೀ’ ಅಂದಳು. (ಈ ಮಾತು ನಾನು ಅಂದದ್ದಂತೆ. ಇದೊಂದರಲ್ಲಿ ಯಾರು ಗೆದ್ದರೂ ನನಗೆ ಬೇಸರವಿಲ್ಲ.)

ಡೈರಿ ಬರೆಯುವುದು ಒಳ್ಳೆಯ ಅಭ್ಯಾಸ ಎಂದು ನಾನು ಇದೇ ಅಂಕಣದಲ್ಲಿ ನಿಮಗೆ ಉಪದೇಶ ಮಾಡಿದ್ದುಂಟು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಪ್ರಶ್ನೆ ಮಾತ್ರ ಸೇರಿಸುತ್ತೇನೆ.

ದಿನಾ ನಿಮ್ಮ ತಾಟಿಗೆ ರೊಟ್ಟಿ ಹಾಕುವವರ ಹೆಸರು ಕಳೆದ ನಾಲ್ಕು ತಿಂಗಳ ನಿಮ್ಮ ಡೈರಿಯಲ್ಲಿ ಎಷ್ಟು ಸಲ ಬಂದಿದೆ?