ಎಣ್ಣೆ ಮಿಲ್ಲಿನಲ್ಲಿ ತಾಮ್ರದ ಸುತ್ತಿಗೆ

ದೆವ್ವ ಕಂಡೆ, ಬಿಳಿ ಸೀರೆ ಕಂಡೆ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಅರ್ಧ ಜನ ಕುಡಿದಿರುತ್ತಾರೆ, ಉಳಿದರ್ಧ ಪುಕ್ಕಲರು. ನಾನು ಕುಡಿಯುವುದಿಲ್ಲ. ಇದನ್ನು ಕಟ್ಟಿ ಹೇಳುವುದರಿಂದ ನನಗೆ ಆಗಬೇಕಾದ್ದೂ ಏನಿಲ್ಲ, ಹೇಳಿದರೆ ಹೋಗುವುದು ನನ್ನ ಮಾನವೇ. ಆದರೂ ಹೇಳುತ್ತೇನೆ. ನಡೆದದ್ದು ಹೀಗೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ನಾನು ಚಿತ್ರದುರ್ಗದ ಬೈಪಾಸಿನಲ್ಲಿ ಲಾರಿ ರಿಪೇರಿ ಮಾಡುವ ರುದ್ರಪ್ಪ ಮೇಸ್ತ್ರಿ. ಮೂವತ್ತು ವರ್ಷದಿಂದ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿದ್ದೇನೆ. ಹಿರಿಯೂರಿನ ಡ್ರೈವರುಗಳನ್ನು ಕೇಳಿ ನೋಡಿ, ನನ್ನ ಕೈಯಲ್ಲಿ ಬಿಗಿಯಾದ ಚಕ್ರದ ಬಗ್ಗೆ ಏನು ಹೇಳುತ್ತಾರೆ ಎಂದು. ಕಾರು ಮೇಸ್ತ್ರಿಗಳನ್ನು ನಾನು ಮೇಸ್ತ್ರಿಗಳೆಂದೇ ಒಪ್ಪಿದವನಲ್ಲ. ಕಂಪ್ಯೂಟರ್ ಚುಚ್ಚಿ ನೋಡುವುದು, ಪಾರ್ಟು ಬದಲಿಸುವುದು... ಅದೂ ಒಂದು ಕೆಲಸವೇ?

ಅಂಥ ನನ್ನ ಹತ್ತಿರ ಹೊಳಲ್ಕೆರೆಯ ಗಿರಿಜಮ್ಮ ಮೇಡಂ ಬಂದರು. ಹೈಸ್ಕೂಲು ಹೆಡ್‌ಮೇಡಂ ಆಗಿ ನಿವೃತ್ತರಾದವರು, ಅರವತ್ತೈದು ದಾಟಿದೆ. ಊರಾಚೆ ಹೊಸದುರ್ಗದ ರಸ್ತೆಯಲ್ಲಿ ಅವರ ತಂದೆ ನಡೆಸುತ್ತಿದ್ದ ಶೇಂಗಾ ಎಣ್ಣೆ ಮಿಲ್ಲು ಈಗ ಮುಚ್ಚಿದೆ. ಅದರ ಶೆಡ್ಡಿನಲ್ಲಿ ಒಂದು ಕಾರು ಬಿಚ್ಚಿಟ್ಟ ಸ್ಥಿತಿಯಲ್ಲೇ ಇದೆಯಂತೆ. ಕಾರು ಮೇಸ್ತ್ರಿಗಳೆಲ್ಲ ಕೈ ಮುಗಿದು ಹೋಗಿದ್ದರಂತೆ.

"ಲಾರಿ ಕಟ್ಟೋರಿಗೆ ಇದ್ಯಾವ ದೊಡ್ಡದು ಅಂತ ಬಂದೀನಿ ಮೇಸ್ತ್ರಿ. ಒಂದ್ಸಲ ಬಂದು ನೋಡ್ರಿ," ಎಂದರು.

ಹೋಗಿ ನೋಡಿ ನಗು ಬಂತು. ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಟಾಪಿಲ್ಲ, ಸೈಕಲ್ಲಿಗಿರುವಂತೆ ಕಡ್ಡಿಯ ಚಕ್ರಗಳು. ಬಾಡಿ ಮಾತ್ರ ನಾಲ್ಕು ಕಲ್ಲಿನ ಮೇಲೆ ಕುಳಿತಿತ್ತು, ಉಳಿದದ್ದೆಲ್ಲ ಎಣ್ಣೆ ಡಬ್ಬಿಗಳೊಳಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಪೈಕಿ ಗಾಡಿ. ಎರಡು ಚೀಲ ರಾಗಿ ಹೇರುವುದಕ್ಕಾಗದ ಗಾಡಿಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ!

ಅದನ್ನು ಬಿಚ್ಚಿದವನು ಮಿಲ್ಲಿನ ಮೇಸ್ತ್ರಿ ಓಬಯ್ಯ. ಬಣ್ಣ ಹೊಡೆಸಬೇಕೆಂದು ಪೂರ್ತಿ ಬಿಚ್ಚಿದ. ಮತ್ತೆ ಜೋಡಿಸುವ ಮೊದಲೇ ಅದೇ ಶೆಡ್ಡಿನಲ್ಲಿ ಎದೆನೋವೆಂದು ಕುಂತವನು ಮೇಲೇಳಲಿಲ್ಲ. ಗಿರಿಜಮ್ಮನ ತಂದೆ ಶೆಡ್ಡಿಗೆ ಬೀಗ ಹಾಕಿಸಿದರು. ಅದಾಗಿ ನಲವತ್ತು ವರ್ಷವೇ ಆಗಿರಬೇಕು.

"ಕಾಲೇಜಿಗೆ ಹೋಗುವಾಗ ಓಬಯ್ಯನೇ ನನಗೆ ಈ ಕಾರಿನಾಗೆ ಡ್ರೈವಿಂಗ್ ಕಲಿಸಿದ್ದು. ಇನ್ನೊಂದೇ ಒಂದು ಸಲ ನಾನೇ ಓಡಿಸ್ಕಂಡು ಹೊರಕೆರೆದೇವಪುರದ ಗುಡಿಗೆ ಹೋಗಿಬರ್ಬೇಕು. ಕಣ್ಣು, ಕೈ ಗಟ್ಟಿ ಇರೋದ್ರೊಳಗೆ," ಎಂದರು ಗಿರಿಜಮ್ಮ.

ಮುದುಕರ ಶೋಕಿ ಎಂದುಕೊಂಡೆ. ಆದರೂ ಒಪ್ಪಿಕೊಂಡೆ. ಯಾರಿಂದಲೂ ಆಗದ್ದು ರುದ್ರಪ್ಪನಿಂದ ಆಯಿತು ಎನ್ನಿಸಿಕೊಳ್ಳುವ ಚಪಲ, ಇನ್ನೇನು?

ನಾಲ್ಕು ತಿಂಗಳು ಹಗಲು ನನ್ನ ಗ್ಯಾರೇಜು, ಸಂಜೆ ಮೇಲೆ ಈ ಕಾರು. ಓಬಯ್ಯ ಒಂದೊಂದು ಸಾಮಾನಿಗೂ ಗ್ರೀಸ್ ಸವರಿ, ಹಳೇ ಪೇಪರಿನಲ್ಲಿ ಸುತ್ತಿ, ಪೆನ್ಸಿಲಿನಲ್ಲಿ ಬರೆದ ಚೀಟಿ ಸಿಕ್ಕಿಸಿ, ಸೆಣಬಿನ ದಾರ ಕಟ್ಟಿದ್ದ. ಮದುವೆಗೆ ಜವಳಿ ಕಟ್ಟಿದ ಹಾಗೆ! ಕೆಲಸ ಬರದವರಿಗೆ ಇಂಥ ನಾಜೂಕು ಜಾಸ್ತಿ ಎಂದು ಮೂಗು ಮುರಿದೆ. ನಿಜ ಹೇಳಬೇಕೆಂದರೆ ಆ ಚೀಟಿಗಳಿಲ್ಲದಿದ್ದರೆ ನಾನು ಮೊದಲ ವಾರದಲ್ಲೇ ಓಡಿಹೋಗುತ್ತಿದ್ದೆ.

ಕೊನೆಗೆ ಉಳಿದದ್ದು ಚಕ್ರ. ಈ ಕಾರಿನಲ್ಲಿ ಪ್ರತಿ ಚಕ್ರಕ್ಕೂ ನಡುವೆ ಒಂದೇ ಒಂದು ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ತಾಮ್ರದ ಸುತ್ತಿಗೆಯಿಂದ ಕಿವಿಗೆ ಬಡಿದರೆ ಬಿಗಿಯುತ್ತದೆ, ಆಚೆಯಿಂದ ಬಡಿದರೆ ಬಿಚ್ಚುತ್ತದೆ. ಚಕ್ರವೂ ಆ ನಟ್ಟೂ ಕೂರುವ ನಡುವಿನ ಗುಂಬಗಳಲ್ಲಿ, ಅಂದರೆ ಹಬ್‌ಗಳಲ್ಲಿ, ಎರಡು ಮಾಮೂಲಿ ತ್ರೆಡ್ಡಿನವು, ಎರಡು ಉಲ್ಟಾ ತ್ರೆಡ್ಡಿನವು, ಮಾಮೂಲಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುವಂಥವು. ಉಲ್ಟಾ ಇದ್ದವಕ್ಕೆ ಓಬಯ್ಯ "ಬಲ" ಎಂದು ಚೀಟಿ ಇಟ್ಟಿದ್ದ.

"ನಿಮ್ಮ ಓಬಯ್ಯಗೆ ಎಡ ಬಲ ಗೊತ್ತಿರಲಿಲ್ಲೇನ್ರಿ ಮೇಡಂ?" ಎಂದೆ. "ಉಲ್ಟಾ ತ್ರೆಡ್ ಬರೋದು ಎಡಕ್ಕೆ. ಯಾವ ಲಾರಿ ಬೇಕಾದ್ರೂ ನೋಡ್ರಿ."

"ಓಬಯ್ಯ ಹಂಗೆಲ್ಲ ತಪ್ಪು ಬರಿಯೋನಲ್ಲ ಮೇಸ್ತ್ರಿ. ಚೀಟಿ ಇದ್ದಂಗೇ ಹಾಕ್ರಿ."

"ಉಣ್ಣೋ ಕೈ ಯಾವ್ದು ಅಂತ ಮರ್ತೇನು, ಇದನ್ನ ಮರಿಯಲ್ಲ ನಾನು. ಚಾಕ್ ಹಿಡ್ದೋರಿಗೆ ಇದು ತಿಳಿಯಲ್ಲ, ಬಿಡ್ರಿ."

ಅವರ ಮುಖ ಸಣ್ಣದಾಯಿತು. "ನಿಮಗೆ ತಿಳ್ದಂಗೆ ಮಾಡ್ರಿ. ಅದರಾಗೆ ಕೂರೋದು ನನ್ನ ಜೀವ, ಅಷ್ಟು ನೆನಪಿರ್ಲಿ," ಎಂದು ಹೇಳಿ ಮನೆಗೆ ಹೋದರು. ಮಿಲ್ಲಿನ ಕಾಂಪೌಂಡಿಗೆ ಅಂಟಿಕೊಂಡೇ ಅವರ ಮನೆ.

ನಾನು ಚೀಟಿಗಳನ್ನು ಮುದುರಿ ಎಸೆದೆ. ಲಾರಿಯ ಲೆಕ್ಕದಲ್ಲೇ ಉಲ್ಟಾದವನ್ನು ಎಡಕ್ಕೆ ಹಾಕಿದೆ, ಮಾಮೂಲಿಯವನ್ನು ಬಲಕ್ಕೆ ಹಾಕಿದೆ, ಚಕ್ರ ಏರಿಸಿ ಬಡಿದು ಬಿಗಿ ಮಾಡಿದೆ. ಅವತ್ತು ಶನಿವಾರ. ಸೋಮವಾರ ಬೆಳಿಗ್ಗೆ ದೇವಪುರಕ್ಕೆ ಹೊರಡುವುದೆಂದು ಗೊತ್ತಾಗಿತ್ತು. ಸಣ್ಣಪುಟ್ಟ ಕೆಲಸ ಬಾಕಿ ಇದ್ದುದರಿಂದ ಎರಡು ರಾತ್ರಿ ಶೆಡ್ಡಿನಲ್ಲೇ ಗೋಣಿತಾಟು ಹಾಸಿಕೊಂಡು ಮಲಗಿದೆ.

ಮೊದಲ ರಾತ್ರಿ...

ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಗೋಡೆಗಳಿಂದ ಹಳೇ ಶೇಂಗಾ ಹಿಂಡಿಯ ಕಮಟು ವಾಸನೆ. ಎಷ್ಟು ಹೊತ್ತಿಗೆ ನಿದ್ದೆ ಬಂತೋ ತಿಳಿಯದು.

ಠಕ್... ಠಕ್... ಠಕ್...

ಎಚ್ಚರವಾಯಿತು. ಆ ಸದ್ದನ್ನು ಸಂಜೆಯೆಲ್ಲ ನಾನೇ ಮಾಡಿದ್ದೆ. ಕಬ್ಬಿಣದ ಸುತ್ತಿಗೆಯದು ಬೇರೆ, ತಾಮ್ರದ್ದು ಬೇರೆ. ಇದು ತಾಮ್ರದ್ದೇ. ಜೊತೆಗೆ ಒಂದು ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಸೀಮೆಎಣ್ಣೆ! ಹಿಂದಿನ ಮೇಸ್ತ್ರಿಗಳು ಸಾಮಾನು ತೊಳೆಯುತ್ತಿದ್ದುದು ಅದರಲ್ಲೇ. ಈಗ ಅದು ಸಿಗುವುದೆಲ್ಲಿ? ನಾನು ತೊಳೆಯುವುದು ಡೀಸೆಲಿನಲ್ಲಿ. ಶೆಡ್ಡಿನಲ್ಲಿ ಸೀಮೆಎಣ್ಣೆಯ ಒಂದು ತೊಟ್ಟೂ ಇರಲಿಲ್ಲ.

"ಯಾವನಲೇ ಅದು?" ಎಂದು ಕೂಗಿ ಟಾರ್ಚ್ ಹಾಕಿದೆ. ಸದ್ದು ನಿಂತಿತು. ಯಾರೂ ಇಲ್ಲ. ಸುತ್ತಿಗೆ ನಾನಿಟ್ಟ ಕಡೆಯೇ ಇತ್ತು. ಎದ್ದು ಹೋಗಿ ಬಲಗಡೆ ಮುಂದಿನ ಚಕ್ರ ಮುಟ್ಟಿ ನೋಡಿದೆ. ನಾನು ಜೀವ ಬಿಟ್ಟು ಬಿಗಿದಿದ್ದ ನಟ್ಟು ಎರಡು ಬೆರಳಲ್ಲಿ ತಿರುಗಿತು.

ಹೆಗ್ಗಣ ಇರಬೇಕು ಎಂದುಕೊಂಡೆ. ನೋಡಿ ನನ್ನ ಬುದ್ಧಿ... ಹೆಗ್ಗಣ ಬಂದು ನಟ್ಟು ಬಿಚ್ಚಿತಂತೆ! ಇನ್ನೊಬ್ಬರು ಹೀಗೆ ಹೇಳಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ. ಮತ್ತೆ ಬಡಿದು ಬಿಗಿ ಮಾಡಿ, ಟಾರ್ಚ್ ಹತ್ತಿಸಿಟ್ಟುಕೊಂಡೇ ಬೆಳಗು ಮಾಡಿದೆ.

ಭಾನುವಾರ ಕಾರನ್ನು ಮಿಲ್ಲಿನ ಅಂಗಳದಲ್ಲೇ ನಿಧಾನಕ್ಕೆ ನಾಲ್ಕು ಸುತ್ತು ಹೊಡೆಸಿದೆ. ಜುಂ ಎಂದು ಓಡಿತು. ಗಿರಿಜಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದುಕೊಟ್ಟು, ಕಾರಿನ ಬಾನೆಟ್ ಸವರಿ ಕಣ್ಣು ಒರೆಸಿಕೊಂಡರು. ರಾತ್ರಿಯ ವಿಷಯ ನಾನು ಬಾಯಿ ಬಿಡಲಿಲ್ಲ. ಲಾರಿ ಮೇಸ್ತ್ರಿ ಸದ್ದಿಗೆ ಹೆದರಿದ ಎಂದು ಹೊಳಲ್ಕೆರೆಯವರ ಬಾಯಿಗೆ ಬೀಳುವುದಕ್ಕೆ ನನಗೇನು ಹುಚ್ಚೇ?

ಎರಡನೇ ರಾತ್ರಿ ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಸರಪಳಿ ಸುತ್ತಿ ಬೀಗ ಹಾಕಿದೆ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಸುತ್ತಿಗೆಯನ್ನು ಟವೆಲಿನಲ್ಲಿ ಸುತ್ತಿ ತಲೆಯ ಕೆಳಗಿಟ್ಟುಕೊಂಡು ಮಲಗಿದೆ. ಈಗ ಬಾ ಮಗನೇ ಎಂದುಕೊಂಡೆ.

ಬಂದ.

ಮೊದಲು ಸೀಮೆಎಣ್ಣೆಯ ವಾಸನೆ. ಆಮೇಲೆ... ಠಕ್... ಠಕ್... ತಲೆಯ ಕೆಳಗೆ ಕೈ ಹಾಕಿ ನೋಡಿದೆ. ಸುತ್ತಿಗೆ ಅಲ್ಲೇ ಇದೆ, ತಣ್ಣಗಿದೆ. ಸದ್ದು ಮಾತ್ರ ಬರುತ್ತಲೇ ಇದೆ. ಬಲಗಡೆ ಮುಂದೆ ಆಯಿತು. ಬಲಗಡೆ ಹಿಂದೆ ಆಯಿತು. ಕಾರನ್ನು ಸುತ್ತಿಕೊಂಡು ಎಡಕ್ಕೆ ಬಂತು. ಎಡಗಡೆಯ ಚಕ್ರಗಳು ನನ್ನ ಹಾಸಿಗೆಯಿಂದ ನಾಲ್ಕೇ ಮಾರು. ಟಾರ್ಚ್ ಕೈಯಲ್ಲೇ ಇತ್ತು, ಗುಂಡಿ ಒತ್ತಲು ಬೆರಳು ಕೇಳಲಿಲ್ಲ.

ನಾಲ್ಕನೆಯದೂ ಮುಗಿಯಿತು. ಆಮೇಲೆ ಕತ್ತಲಲ್ಲಿ ಯಾರೋ ಲೊಚಗುಟ್ಟಿದರು. ಕೆಲಸ ಕೆಡಿಸಿದವನನ್ನು ನೋಡಿ ದೊಡ್ಡ ಮೇಸ್ತ್ರಿಗಳು ಮಾಡುತ್ತಾರಲ್ಲ, ಹಾಗೆ. ಹಿಂದೆಯೇ ಸಣ್ಣ ದನಿ...

"ಥೂ... ಇವನ್ಯಾವ ಮೇಸ್ತ್ರಿಲೇ..."

ಇಷ್ಟೇ. ಬೆಳಕು ಹರಿಯುವ ತನಕ ನಾನು ಕದಲಲಿಲ್ಲ. ಬೆಳಕಾದ ಮೇಲೆ ನೋಡಿದರೆ ನಾಲ್ಕು ಚಕ್ರದ ಮುಂದೂ ಒಂದೊಂದು ಗೋಣಿಯ ತುಂಡು, ಅದರ ಮೇಲೆ ಒರೆಸಿಟ್ಟ ನಟ್ಟು. ಮುಟ್ಟಿ ಮೂಸಿದೆ. ಸೀಮೆಎಣ್ಣೆಯ ಹಸಿ ಇನ್ನೂ ಆರಿರಲಿಲ್ಲ. ಬಾಗಿಲ ಬೀಗ ಹಾಕಿದ ಹಾಗೇ ಇತ್ತು.

ತಪ್ಪಾಗಿದೆ ಎಂದು ಯಾರೋ ಹೇಳುತ್ತಿದ್ದಾರೆಂದು ನಿನಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಿತು. ಚೆನ್ನಾಗಿಯೇ ಹೊಳೆಯಿತು. ಆದರೆ ಹಬ್ ಅದಲುಬದಲು ಮಾಡಲು ಅರ್ಧ ದಿನ ಬೇಕು, ಹೊರಡುವುದಕ್ಕೆ ಉಳಿದದ್ದು ಒಂದು ಗಂಟೆ. ಅದೂ ದೊಡ್ಡದಲ್ಲ. ಚಾಕ್ ಹಿಡಿದವರೂ, ಸತ್ತು ಮಣ್ಣಾದ ಮಿಲ್ ಮೇಸ್ತ್ರಿಯೂ ಸರಿ, ರುದ್ರಪ್ಪ ತಪ್ಪು ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಸಿಟ್ಟಿನಲ್ಲಿ ನಟ್ಟುಗಳನ್ನು ಏರಿಸಿ, ಕೈ ನೋಯುವ ತನಕ ಬಡಿದು ಬಿಗಿ ಮಾಡಿದೆ.

ಗಿರಿಜಮ್ಮ ನೂಲಿನ ಸೀರೆಯುಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು.

"ಎಲ್ಲಾ ಸರಿ ಐತಲ್ರಿ ಮೇಸ್ತ್ರಿ?"

"ಕಣ್ಮುಚ್ಕಂಡು ಓಡಿಸ್ರಿ ಮೇಡಂ," ಎಂದೆ.

ನಿಂಬೆಹಣ್ಣು ಪಚ್ಚೆಂದವು, ಕಾರು ಹೊರಟಿತು. ನಾನು ಬೈಕಿನಲ್ಲಿ ಹಿಂದೆ ಹೋದೆ. ಹೆಂಗಸು ಎಷ್ಟು ಚೆನ್ನಾಗಿ ಓಡಿಸಿದರೆಂದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಎತ್ತಿಕೊಂಡು... ಹೊಲದಲ್ಲಿದ್ದವರೆಲ್ಲ ಎದ್ದು ನಿಂತು ನೋಡಿದರು. ಗಿರಿಜಮ್ಮ ಕೈ ಬೀಸಿದರು, ಹಾರನ್ ಹೊಡೆದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ರಾತ್ರಿಯದ್ದೆಲ್ಲ ಕನಸು ಎಂದುಕೊಂಡೆ.

ದೇವಪುರ ಇನ್ನೇನು ಸಿಗಬೇಕು, ಒಂದು ತಿರುವಿನಲ್ಲಿ ಬ್ರೇಕ್ ಹಾಕಿದರು. ಬಲಗಡೆಯ ಮುಂದಿನ ಚಕ್ರ ಕಳಚಿಕೊಂಡು, ಕಾರಿಗಿಂತ ಮುಂದೆ ಒಂಟಿಯಾಗಿ ರಸ್ತೆಯಲ್ಲಿ ಉರುಳಿಕೊಂಡು ಹೋಯಿತು. ಕಾರು ಮೂತಿ ಊರಿ, ಡಾಂಬರು ಕೆರೆದುಕೊಂಡು ಹೋಗಿ ಜಾಲಿಮರಕ್ಕೆ ಬಡಿಯಿತು. ನಾನು ಓಡಿಹೋದಾಗ ಗಿರಿಜಮ್ಮನಿಗೆ ಎಚ್ಚರವಿತ್ತು. ತೊಡೆಯ ಮೂಳೆ ಮುರಿದಿತ್ತು.

ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಹುಡುಕಿದೆ. ಒಂದು ವಿಡಿಯೋದಲ್ಲಿ ಯಾವನೋ ಇಂಗ್ಲೆಂಡಿನ ಮುದುಕ ಇಂಥದ್ದೇ ಕಾರಿನ ಚಕ್ರ ಹಿಡಿದು ತೋರಿಸುತ್ತಿದ್ದ. ಈ ಒಂಟಿ ನಟ್ಟಿನ ಲೆಕ್ಕ ಲಾರಿಯದರ ಪೂರ್ತಿ ಉಲ್ಟಾ. ಉಲ್ಟಾ ತ್ರೆಡ್ ಬರಬೇಕಾದ್ದು ಬಲಕ್ಕೇ. ಅದಲುಬದಲಾದರೆ ಎಷ್ಟೇ ಬಿಗಿ ಮಾಡಿ, ಚಕ್ರ ಉರುಳಿದಂತೆಲ್ಲ ನಟ್ಟು ತಾನೇ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಓಬಯ್ಯನ ಚೀಟಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಯೋಗ್ಯ ನಾನೇ.

ಮೂರನೇ ದಿನ ಎಲ್ಲವನ್ನೂ ಹೇಳಿ ಕಾಲಿಗೆ ಬೀಳುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡು ವಾರ್ಡಿಗೆ ಹೋದೆ.

"ಬರ್ರಿ ಮೇಸ್ತ್ರಿ, ಕುಂತ್ಕಳ್ರಿ," ಎಂದರು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಶುರು ಮಾಡಿದರು. "ಮುಖ ಯಾಕೆ ಹಂಗೆ ಮಾಡ್ಕಂಡೀರಿ? ಹಳೇ ಗಾಡಿ, ನಿಮ್ಮದೇನು ತಪ್ಪೈತೆ? ಆ ಚೀಟಿ ವಿಷಯದಾಗೆ ನನಗೊಂದು ಅಳುಕಿತ್ತು, ನಿಜ. ಹತ್ತೋದೇ ಬ್ಯಾಡ ಅನ್ಕಂಡಿದ್ದೆ. ಆದ್ರೆ ಎರಡು ರಾತ್ರಿನೂ ನೀವು ನಟ್ಟು ಬಡಿಯೋ ಸದ್ದು ಮನೆಗೆ ಕೇಳಿಸ್ತು. ನನ್ನ ಮಾತಿಗೆ ಬೆಲೆ ಕೊಟ್ಟು, ನಿದ್ದೆಗೆಟ್ಟು, ಎಲ್ಲಾ ಬಿಚ್ಚಿ ಸರಿಯಾಗಿ ಹಾಕ್ತಿದಾರೆ ಅನ್ಕಂಡೆ. ಅದಕ್ಕೇ ಧೈರ್ಯವಾಗಿ ಹತ್ತಿದೆ."

ನಾನು ತಟ್ಟನೆ ತಲೆಯೆತ್ತಿ ಅವರ ಮುಖ ನೋಡಿದೆ.

"ನೀವೇ ಅಲ್ವೇನ್ರಿ ಬಡೀತಿದ್ದದ್ದು?"

"ಹೂಂ ಮೇಡಂ. ನಾನೇ," ಎಂದೆ.

ಆ ಸದ್ದು ಬಂದದ್ದು ನನ್ನನ್ನು ತಡೆಯುವುದಕ್ಕೋ, ಅವರನ್ನು ಹತ್ತಿಸುವುದಕ್ಕೋ... ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ಕಾರನ್ನು ಎಳೆತಂದು ಅದೇ ಶೆಡ್ಡಿನಲ್ಲಿ ಕಲ್ಲಿನ ಮೇಲೆ ನಿಲ್ಲಿಸಿ ಬಂದವನು ಮತ್ತೆ ಆ ಕಡೆ ತಲೆ ಹಾಕಿಲ್ಲ. ಗಿರಿಜಮ್ಮ ಈಗ ವಾಕರ್ ಹಿಡಿದು ನಡೆಯುತ್ತಾರೆ. ಆ ಕಾರನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ, ರುದ್ರಪ್ಪ ಮೇಸ್ತ್ರಿಯೇ ಆಗಬೇಕು ಎಂದು ಹಟ ಹಿಡಿದು ಕೂತಿದ್ದಾರೆ.

ನಿನ್ನೆ ಬೆಳಿಗ್ಗೆ ಅವರ ಫೋನು ಬಂತು. ದನಿಯಲ್ಲಿ ಖುಷಿಯಿತ್ತು.

"ಏನ್ರಿ ಮೇಸ್ತ್ರಿ, ರಾತ್ರಿ ಬಂದೋರು ಮನೆಗೆ ಬಂದು ಒಂದು ಮಾತು ಹೇಳಬಾರ್ದೇ? ಬಡಿಯೋ ಸದ್ದು ಕೇಳಿ ನೀವೇ ಅಂತ ಗೊತ್ತಾತು. ಅಲ್ರೀ, ಕತ್ತಲಾಗೆ ಯಾಕೆ ಕೆಲ್ಸ ಮಾಡ್ತೀರಿ? ಲೈಟ್ ಹಾಕ್ಕಳ್ರಿ."

ರಾತ್ರಿಯಿಡೀ ನಾನು ಚಿತ್ರದುರ್ಗದಲ್ಲಿ, ನನ್ನ ಮನೆಯಲ್ಲಿ, ಹೆಂಡತಿಯ ಪಕ್ಕದಲ್ಲಿ ಮಲಗಿದ್ದೆ.

"ಹೂಂ ಮೇಡಂ. ಮುಂದಿನ ಸಲ ಹಾಕ್ಕಂತೀನಿ," ಎಂದು ಫೋನ್ ಇಟ್ಟೆ.